ಹೃದಯ ಕಟ್ಟಿದ ಕೋಶಗಳು ದುರಸ್ತಿಗೇಕೆ ಬರುವುದಿಲ್ಲ?

ಗರ್ಭದಲ್ಲಿ ಎಲ್ಲಕ್ಕಿಂತ ಮೊದಲು ಕೆಲಸಕ್ಕೆ ಇಳಿಯುವ ಅಂಗ ಹೃದಯ. ಅಂಡ ಫಲಿತಗೊಂಡ 22–23ನೆಯ ದಿನಕ್ಕೆ ಅದು ಮಿಡಿಯತೊಡಗುತ್ತದೆ. ಆಗ ಭ್ರೂಣದ ಉದ್ದ ಕೆಲವೇ ಮಿಲಿಮೀಟರ್. ಮೆದುಳು ಇನ್ನೂ ಪೂರ್ತಿ ಮುಚ್ಚಿಕೊಳ್ಳದ ಒಂದು ಕೊಳವೆ, ಕೈಕಾಲುಗಳ ಮೊಗ್ಗು ಸಹ ಮೂಡಿರುವುದಿಲ್ಲ. ಎಷ್ಟೋ ಸಲ ತಾಯಿಗೇ ತಾನು ಬಸುರಿ ಎಂಬುದು ಖಚಿತವಾಗಿರುವುದಿಲ್ಲ. ಇಷ್ಟು ಅವಸರಕ್ಕೆ ಕಾರಣವಿದೆ. ಭ್ರೂಣ ಚುಕ್ಕೆಯಷ್ಟಿದ್ದಾಗ ಆಮ್ಲಜನಕವೂ ಪೋಷಕಾಂಶವೂ ಸುತ್ತಲಿನ ದ್ರವದಿಂದ ತಾವಾಗಿಯೇ ಒಳಕ್ಕೆ ಇಳಿಯುತ್ತವೆ. ಸ್ವಲ್ಪ ದಪ್ಪವಾದ ಕೂಡಲೇ ಒಳಗಿನ ಕೋಶಗಳಿಗೆ ಅದು ಸಾಲುವುದಿಲ್ಲ. ರಕ್ತ ಹರಿಯದೆ ಮುಂದಿನ ಬೆಳವಣಿಗೆಯೇ ಇಲ್ಲ, ನೂಕುವವರಿಲ್ಲದೆ ರಕ್ತ ಹರಿಯುವುದಿಲ್ಲ.

ಈ ಹೃದಯವನ್ನು ಕಟ್ಟುವುದು ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು. ತನ್ನಂಥದೇ ಕೋಶಗಳನ್ನು ಹುಟ್ಟಿಸುತ್ತ ಹೋಗುವುದು ಮತ್ತು ಬೇರೆ ಬಗೆಯ ಕೋಶವಾಗಿ ಮಾರ್ಪಡುವುದು ಆಕರಕೋಶದ ಎರಡು ಲಕ್ಷಣಗಳು. ಆದರೆ ಎಲ್ಲ ಆಕರಕೋಶಗಳ ಸಾಮರ್ಥ್ಯವೂ ಒಂದೇ ಅಲ್ಲ. ಐದಾರು ದಿನದ ಭ್ರೂಣದ ಒಳಗುಂಪಿನ ಕೋಶಗಳು ದೇಹದ ಯಾವ ಅಂಗಾಂಶವಾದರೂ ಆಗಬಲ್ಲವು. ಇವು ಬಹುಶಕ್ತ ಕೋಶಗಳು. ಅಸ್ಥಿಮಜ್ಜೆಯ ಆಕರಕೋಶಗಳದು ಸೀಮಿತ ವಿದ್ಯೆ: ರಕ್ತದ ಎಲ್ಲ ಬಗೆಯ ಕೋಶಗಳನ್ನೂ ಹುಟ್ಟಿಸುತ್ತವೆ, ಅಷ್ಟೇ. ಇವೆರಡರ ನಡುವೆ ಪೂರ್ವಜ ಕೋಶಗಳೆಂಬ ವರ್ಗವೊಂದಿದೆ. ತಾವು ಯಾವ ಅಂಗವಾಗಬೇಕು ಎಂಬುದು ಅವುಗಳಿಗೆ ನಿಗದಿಯಾಗಿರುತ್ತದೆ, ಆ ಅಂಗದ ಯಾವ ಕೋಶವಾಗಬೇಕು ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿರುವುದಿಲ್ಲ. ಈ ವ್ಯತ್ಯಾಸವನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಹೃದಯದ ದುರಸ್ತಿಯ ಹೆಸರಿನಲ್ಲಿ ನಡೆದ ಎರಡು ದಶಕಗಳ ಗೊಂದಲಕ್ಕೆಲ್ಲ ಇದನ್ನು ಮರೆತದ್ದೇ ಮೂಲ.

ಮೂರನೆಯ ವಾರದಲ್ಲಿ ಭ್ರೂಣ ಮೂರು ಪದರಗಳಾಗುತ್ತದೆ. ನಡುವಿನ ಪದರದ ಒಂದಷ್ಟು ಕೋಶಗಳು ಮುಂಭಾಗಕ್ಕೆ ಸರಿದು ಅರ್ಧಚಂದ್ರಾಕಾರವಾಗಿ ನೆಲೆಗೊಳ್ಳುತ್ತವೆ. ಇವೇ ಹೃದಯದ ಪೂರ್ವಜ ಕೋಶಗಳು. ಅರ್ಧಚಂದ್ರದ ಎರಡು ತುದಿಗಳೂ ಮಡಿಚಿಕೊಂಡು ಬಂದು ನಡುವೆ ಬೆಸೆದು ಒಂದು ನೇರ ಕೊಳವೆಯಾಗುತ್ತದೆ. ಇಡೀ ಹೃದಯ ಈ ಒಂದೇ ಕೊಳವೆಯಿಂದ ಉಬ್ಬಿ ಬರುತ್ತದೆ ಎಂದು ಬಹಳ ಕಾಲ ಪಠ್ಯಪುಸ್ತಕಗಳು ಹೇಳುತ್ತಿದ್ದವು. 2001ರಲ್ಲಿ ಮೂರು ಬೇರೆ ಬೇರೆ ತಂಡಗಳು ಕೋಳಿ ಮತ್ತು ಇಲಿಯ ಭ್ರೂಣಗಳಲ್ಲಿ ಕೋಶಗಳ ಜಾಡು ಹಿಡಿದು ನೋಡಿದಾಗ ಚಿತ್ರ ಬದಲಾಯಿತು. ಕೊಳವೆಯ ಹಿಂಬದಿಯಲ್ಲಿ ಪೂರ್ವಜ ಕೋಶಗಳ ಇನ್ನೊಂದು ತಂಡ ಕಾದಿರುತ್ತದೆ. ಕೊಳವೆ ಬೆಳೆದಂತೆ ಅದರ ಎರಡೂ ತುದಿಗಳಿಗೆ ಬಂದು ಸೇರಿಕೊಳ್ಳುತ್ತದೆ. ಮೊದಲ ತಂಡದಿಂದ ಮುಖ್ಯವಾಗಿ ಎಡ ಹೃತ್ಕುಕ್ಷಿ ಆಗುತ್ತದೆ. ಬಲ ಹೃತ್ಕುಕ್ಷಿ, ರಕ್ತ ಹೊರಹೋಗುವ ದಾರಿ, ಹೃತ್ಕರ್ಣಗಳ ದೊಡ್ಡ ಪಾಲು ಎರಡನೆಯ ತಂಡದ ಕೆಲಸ. ಹೊರಗಿನಿಂದ ಬರುವವರೂ ಇದ್ದಾರೆ. ಮೆದುಳುಬಳ್ಳಿ ರೂಪುಗೊಳ್ಳುವ ಏಣಿನಿಂದ ಹೊರಟ ಕೋಶಗಳು ಕುತ್ತಿಗೆಯ ಭಾಗ ದಾಟಿ ಇಳಿದು ಬಂದು, ಒಂದೇ ಆಗಿದ್ದ ಹೊರದಾರಿಯನ್ನು ಮಹಾಪಧಮನಿ ಮತ್ತು ಶ್ವಾಸಕೋಶದ ಅಪಧಮನಿ ಎಂದು ಎರಡಾಗಿ ಸೀಳುತ್ತವೆ. ಮಾರ್ಗರೆಟ್ ಕರ್ಬಿ ಎಂಬ ವಿಜ್ಞಾನಿ 1983ರಲ್ಲಿ ಕೋಳಿಭ್ರೂಣದಿಂದ ಈ ಕೋಶಗಳನ್ನು ತೆಗೆದುಹಾಕಿದಾಗ ಆ ಸೀಳು ಮೂಡಲೇ ಇಲ್ಲ. ಹೃದಯದ ಮೇಲ್ಪೊರೆಯದು ಮತ್ತೊಂದು ಮೂಲ. ಪಕ್ಕದ ಒಂದು ಕೋಶಗೊಂಚಲು ಹರಡಿಕೊಂಡು ಹೃದಯವನ್ನು ಹೊದ್ದು, ಅಲ್ಲಿಂದ ಒಳಕ್ಕಿಳಿದು, ಹೃದಯಕ್ಕೇ ರಕ್ತ ಕೊಡುವ ಕರೋನರಿ ನಾಳಗಳ ಗೋಡೆಗೂ ನಾರುಕೋಶಗಳಿಗೂ ಸಾಮಗ್ರಿ ಒದಗಿಸುತ್ತದೆ.

ಯಾವ ಕೋಶ ಏನಾಗಬೇಕು ಎಂಬುದನ್ನು ನೆರೆಯ ಅಂಗಾಂಶಗಳು ಕಳಿಸುವ ರಾಸಾಯನಿಕ ಸಂಕೇತಗಳು ನಿರ್ಧರಿಸುತ್ತವೆ. ಇವುಗಳಲ್ಲಿ ‘ವಿಂಟ್’ ಎಂಬ ಸಂಕೇತದ ವರ್ತನೆ ವಿಚಿತ್ರ. ಮೊದಲು ಅದು ಇರಬೇಕು, ಇಲ್ಲದಿದ್ದರೆ ನಡುಪದರವೇ ಆಗುವುದಿಲ್ಲ. ಸ್ವಲ್ಪ ಹೊತ್ತಿನ ಬಳಿಕ ಅದೇ ಸಂಕೇತ ಅಡಗಬೇಕು, ಅಡಗದಿದ್ದರೆ ಹೃದಯವಾಗುವುದಿಲ್ಲ. ಸಂಕೇತ ತಲುಪಿದ ಮೇಲೆ ಕೋಶದೊಳಗೆ ಕೆಲವು ಮುಖಂಡ ವಂಶವಾಹಿಗಳು ಎಚ್ಚರಗೊಂಡು ನೂರಾರು ಬೇರೆ ವಂಶವಾಹಿಗಳನ್ನು ನಡೆಸುತ್ತವೆ. ಇವುಗಳ ಮೊದಲ ಸುಳಿವು ಸಿಕ್ಕಿದ್ದು ಹಣ್ಣುನೊಣದಲ್ಲಿ. ‘ಟಿನ್‌ಮನ್’ ವಂಶವಾಹಿ ಇಲ್ಲದ ನೊಣಕ್ಕೆ ಹೃದಯವೇ ಇರುವುದಿಲ್ಲ. ಮನುಷ್ಯರಲ್ಲಿ ಅದರ ಸೋದರನಂತಿರುವ ವಂಶವಾಹಿ ಕೆಟ್ಟಾಗ ಹೃತ್ಕರ್ಣಗಳ ನಡುವಿನ ಗೋಡೆಯಲ್ಲಿ ರಂಧ್ರ ಉಳಿದು, ವಿದ್ಯುತ್ ಸಂಚಾರಕ್ಕೂ ತಡೆ ಬೀಳುವುದು 1998ರಲ್ಲಿ ತಿಳಿಯಿತು. ‘ಟಿಬಿಎಕ್ಸ್5’ ಎಂಬ ಇನ್ನೊಂದು ವಂಶವಾಹಿ ಕೆಟ್ಟರೆ ಹೃದಯದ ಗೋಡೆಯ ಜೊತೆಗೆ ಹೆಬ್ಬೆರಳೂ ವಿಕಾರವಾಗುತ್ತದೆ, ಏಕೆಂದರೆ ಕೈಯ ಬೆಳವಣಿಗೆಗೂ ಅದೇ ಮುಖಂಡ. ಮಕ್ಕಳ ಹೃದಯತಜ್ಞರು ಕೂಸಿನ ಕೈಬೆರಳನ್ನೂ ನೋಡುವುದು ಸುಮ್ಮನೆ ಅಲ್ಲ.

ನೇರ ಕೊಳವೆ ಬಲಕ್ಕೆ ಬಳುಕಿ, ಸುತ್ತಿಕೊಂಡು, ಒಳಗೆ ಗೋಡೆಗಳೆದ್ದು, ಕವಾಟಗಳು ಮೂಡಿ, ಎಂಟನೆಯ ವಾರದ ಹೊತ್ತಿಗೆ ನಾಲ್ಕು ಕೋಣೆಗಳ ಹೃದಯ ಸಿದ್ಧ. ಇದೆಲ್ಲ ನಡೆಯುವುದು ಮಿಡಿಯುತ್ತಿರುವಾಗಲೇ ಎಂಬುದು ಸೋಜಿಗ. ಇಷ್ಟು ಕಡೆಯಿಂದ ಬಂದ ಕೋಶಗಳು ಇಷ್ಟು ಕಡಿಮೆ ಸಮಯದಲ್ಲಿ ಇಷ್ಟು ತಿರುವುಗಳನ್ನು ದಾಟಬೇಕಾದ್ದರಿಂದ ಎಡವಟ್ಟುಗಳೂ ಆಗುತ್ತವೆ. ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು ಒಂದಕ್ಕೆ ಹೃದಯದ ಒಂದಿಲ್ಲೊಂದು ಜನ್ಮಜಾತ ದೋಷವಿರುತ್ತದೆ.

ಹುಟ್ಟಿದ ಮೇಲೆ ಹೃದಯ ಬೆಳೆಯುವುದು ಬೇರೆ ಬಗೆಯಲ್ಲಿ. ಕೂಸಿನ ಪುಟ್ಟ ಹೃದಯ ದೊಡ್ಡವರ 300 ಗ್ರಾಮಿನ ಹೃದಯವಾಗುವುದು ಹೆಚ್ಚಾಗಿ ಕೋಶಗಳು ಹಿಗ್ಗುವುದರಿಂದ, ಅವುಗಳ ಸಂಖ್ಯೆ ಏರುವುದರಿಂದ ಅಲ್ಲ. ಸ್ನಾಯುಕೋಶಗಳು ವಿಭಜನೆಯನ್ನು ಬಹುಮಟ್ಟಿಗೆ ನಿಲ್ಲಿಸುತ್ತವೆ. ಕೋಶದೊಳಗೆ ಸಂಕೋಚನದ ತಂತುಗಳು ಬಿಗಿಯಾಗಿ ಜೋಡಿಸಿಕೊಂಡಿರುತ್ತವೆ. ವಿಭಜನೆಯಾಗಬೇಕಾದರೆ ಆ ಜೋಡಣೆಯನ್ನು ಬಿಚ್ಚಬೇಕು, ಬಿಚ್ಚಿದಷ್ಟು ಹೊತ್ತು ಮಿಡಿಯುವಂತಿಲ್ಲ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಮಿಡಿಯಬೇಕಾದ ಅಂಗಕ್ಕೆ ಅಂಥ ಬಿಡುವು ಎಲ್ಲಿಂದ ಬರಬೇಕು?

ಇದರ ಬೆಲೆ ತೆರಬೇಕಾಗುವುದು ಹೃದಯಾಘಾತದ ದಿನ. ಎಡ ಹೃತ್ಕುಕ್ಷಿಯಲ್ಲಿ ಸುಮಾರು 200ರಿಂದ 400 ಕೋಟಿ ಸ್ನಾಯುಕೋಶಗಳಿವೆ. ಕರೋನರಿ ನಾಳವೊಂದು ಕಟ್ಟಿಕೊಂಡರೆ ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಅದರ ಆಸರೆಯ ಕೋಶಗಳು ಸಾಯತೊಡಗುತ್ತವೆ. ದೊಡ್ಡ ಆಘಾತವಾದರೆ ಕೆಲವೇ ಗಂಟೆಗಳಲ್ಲಿ 100 ಕೋಟಿಯಷ್ಟು ಕೋಶಗಳು ಹೋಗಬಹುದು. ಸತ್ತ ಜಾಗವನ್ನು ದೇಹ ಖಾಲಿ ಬಿಡುವುದಿಲ್ಲ. ನಾರುಕೋಶಗಳು ಬಂದು ಗಟ್ಟಿಯಾದ ಗಾಯದ ಕಲೆ ಕಟ್ಟುತ್ತವೆ. ಆ ಕಲೆ ಇಲ್ಲದಿದ್ದರೆ ಹೃದಯದ ಗೋಡೆಯೇ ಒಡೆದು ಹೋಗುತ್ತಿತ್ತು, ಹಾಗಾಗಿ ಅದನ್ನು ದೂರುವಂತಿಲ್ಲ. ಆದರೆ ಅದು ಸಂಕುಚಿಸುವುದಿಲ್ಲ. ಉಳಿದ ಸ್ನಾಯುವಿನ ಮೇಲೆ ಹೊರೆ ಬೀಳುತ್ತದೆ, ಹೃದಯ ಹಿಗ್ಗುತ್ತದೆ, ಗೋಡೆ ತೆಳುವಾಗುತ್ತದೆ, ವರ್ಷಗಳು ಕಳೆದಂತೆ ಹೃದಯ ವೈಫಲ್ಯ ಬರುತ್ತದೆ. ಸ್ಟೆಂಟ್ ರಕ್ತದ ದಾರಿಯನ್ನು ತೆರೆಯುತ್ತದೆ, ಔಷಧಗಳು ಹೊರೆ ಇಳಿಸುತ್ತವೆ. ಸತ್ತ ಕೋಶವನ್ನು ಇವೆರಡೂ ಮರಳಿ ತರುವುದಿಲ್ಲ.

ದೊಡ್ಡವರ ಹೃದಯದಲ್ಲಿ ಹೊಸ ಸ್ನಾಯುಕೋಶಗಳು ಹುಟ್ಟುವುದೇ ಇಲ್ಲವೇ? ಈ ಪ್ರಶ್ನೆಗೆ ಉತ್ತರ ದೊರಕಿಸಿಕೊಟ್ಟದ್ದು ಅಣುಬಾಂಬು. 1950ರ ದಶಕದಲ್ಲಿ ಬಯಲಿನಲ್ಲಿ ನಡೆದ ಪರಮಾಣು ಪರೀಕ್ಷೆಗಳಿಂದ ವಾತಾವರಣದಲ್ಲಿ ಕಾರ್ಬನ್-14 ಏಕಾಏಕಿ ಏರಿತು. 1963ರ ನಿಷೇಧ ಒಪ್ಪಂದದ ನಂತರ ಮೆಲ್ಲನೆ ಇಳಿಯತೊಡಗಿತು. ಗಿಡಗಳು ಅದನ್ನು ಹೀರಿದವು, ಅನ್ನದ ಮೂಲಕ ಅದು ಜಗತ್ತಿನ ಎಲ್ಲರ ದೇಹಕ್ಕೂ ಬಂತು. ಕೋಶ ಹುಟ್ಟುವಾಗ ಅದರ ಡಿಎನ್‌ಎಯಲ್ಲಿ ಆ ವರ್ಷದ ಕಾರ್ಬನ್ ಪ್ರಮಾಣ ದಾಖಲಾಗುತ್ತದೆ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಯೋನಾಸ್ ಫ್ರಿಸೆನ್ ತಂಡ ಸತ್ತವರ ಹೃದಯಗಳಿಂದ ಸ್ನಾಯುಕೋಶಗಳ ಕೋಶಕೇಂದ್ರಗಳನ್ನು ಬೇರ್ಪಡಿಸಿ ಈ ದಾಖಲೆಯನ್ನು ಓದಿತು. 2009ರಲ್ಲಿ ಬಂದ ಉತ್ತರ ಹೀಗಿತ್ತು: 25ರ ವಯಸ್ಸಿನಲ್ಲಿ ವರ್ಷಕ್ಕೆ ಶೇಕಡ 1ರಷ್ಟು ಸ್ನಾಯುಕೋಶಗಳು ಹೊಸದಾಗುತ್ತವೆ, 75ರ ಹೊತ್ತಿಗೆ ಅದು ಶೇಕಡ 0.45ಕ್ಕೆ ಇಳಿಯುತ್ತದೆ. ಪೂರ್ಣಾಯಸ್ಸು ಬದುಕಿದವರಲ್ಲೂ ಅರ್ಧಕ್ಕಿಂತ ಹೆಚ್ಚು ಹೃದಯಕೋಶಗಳು ಹುಟ್ಟಿನಿಂದ ಇದ್ದವೇ. ಸೊನ್ನೆ ಅಲ್ಲ ಎಂಬುದು ಆಸೆ ಹುಟ್ಟಿಸುವ ಸಂಗತಿ. ಆಘಾತದಲ್ಲಿ ಹೋದ 100 ಕೋಟಿಯನ್ನು ತುಂಬಿಕೊಡಲು ಈ ವೇಗ ಏನೇನೂ ಸಾಲದು ಎಂಬುದೂ ಅಷ್ಟೇ ನಿಜ.

ಎಲ್ಲ ಪ್ರಾಣಿಗಳೂ ಈ ವಿಷಯದಲ್ಲಿ ಹೀಗೆ ಸೋತಿಲ್ಲ. ಬೆರಳಿಗಿಂತ ಚಿಕ್ಕದಾದ, ಮೈಮೇಲೆ ನೀಲಿ ಗೆರೆಗಳಿರುವ ಜೀಬ್ರಾಮೀನು ನಮ್ಮ ಉಪಖಂಡದ ಹಳ್ಳಕೊಳ್ಳಗಳದು. ಅದನ್ನು 1822ರಲ್ಲಿ ಗಂಗಾ ಬಯಲಿನ ಮೀನುಗಳ ಪುಸ್ತಕದಲ್ಲಿ ಮೊದಲು ವರ್ಣಿಸಿದವನು ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್. ಟಿಪ್ಪು ಮಡಿದ ಮರುವರ್ಷ ಮೈಸೂರು, ಕೆನರಾ ಸೀಮೆಗಳನ್ನು ಸುತ್ತಿ ಪ್ರವಾಸಕಥನ ಬರೆದ ಬುಕಾನನ್ ಇವನೇ. 2002ರಲ್ಲಿ ಅಮೆರಿಕದ ಕೆನೆತ್ ಪಾಸ್ ಮತ್ತು ಸಂಗಡಿಗರು ಈ ಮೀನಿನ ಹೃತ್ಕುಕ್ಷಿಯ ಐದನೆಯ ಒಂದು ಭಾಗವನ್ನು ಕತ್ತರಿಸಿ ತೆಗೆದರು. ಎರಡು ತಿಂಗಳಲ್ಲಿ ಅಲ್ಲಿ ಹೊಸ ಸ್ನಾಯು ಬೆಳೆದಿತ್ತು, ಕಲೆಯ ಗುರುತೂ ಹೆಚ್ಚು ಉಳಿದಿರಲಿಲ್ಲ. ಯಾವುದೋ ಆಕರಕೋಶ ಎಚ್ಚೆತ್ತು ಈ ಕೆಲಸ ಮಾಡಿರಬೇಕು ಎಂಬ ಊಹೆ ಸಹಜವಾಗಿಯೇ ಬಂತು. 2010ರಲ್ಲಿ ಎರಡು ತಂಡಗಳು ಕೋಶಗಳಿಗೆ ಬಣ್ಣದ ಗುರುತು ಹಾಕಿ ನೋಡಿದಾಗ ಊಹೆ ಸುಳ್ಳಾಯಿತು. ಗಾಯದ ಅಂಚಿನಲ್ಲಿದ್ದ ಮಾಮೂಲಿ ಸ್ನಾಯುಕೋಶಗಳೇ ತಮ್ಮ ತಂತುಗಳನ್ನು ಸಡಿಲಿಸಿ, ಒಂದಿಷ್ಟು ಎಳೆತನಕ್ಕೆ ಮರಳಿ, ವಿಭಜಿಸಿ, ಮತ್ತೆ ಬಲಿತಿದ್ದವು.

ಸಸ್ತನಿಗಳಿಗೂ ಈ ವಿದ್ಯೆ ಸ್ವಲ್ಪ ಕಾಲ ಇರುತ್ತದೆ. 2011ರಲ್ಲಿ ಡಲ್ಲಾಸ್‌ನ ಹೆಶಾಮ್ ಸಾದೆಕ್, ಎರಿಕ್ ಓಲ್ಸನ್ ಅವರ ತಂಡ ಹುಟ್ಟಿ ಒಂದು ದಿನವಾದ ಇಲಿಮರಿಯ ಹೃದಯದ ತುದಿಯನ್ನು ಕತ್ತರಿಸಿತು. ಅದು ಮತ್ತೆ ಬೆಳೆಯಿತು. ಏಳು ದಿನದ ಮರಿಯಲ್ಲಿ ಅದೇ ಗಾಯ ಕಲೆಯಾಗಿ ಉಳಿಯಿತು. ಆ ಒಂದು ವಾರದಲ್ಲಿ ಬದಲಾದದ್ದೇನು? ಗರ್ಭದೊಳಗೆ ಆಮ್ಲಜನಕ ಕಡಿಮೆ. ಹೊರಗೆ ಬಂದು ಉಸಿರೆಳೆದ ಕೂಡಲೇ ಅದು ಏರುತ್ತದೆ, ಹೃದಯ ಸಕ್ಕರೆಯ ಬದಲು ಕೊಬ್ಬನ್ನು ಉರಿಸತೊಡಗುತ್ತದೆ, ಆ ಉರಿಯ ಉಪಉತ್ಪನ್ನಗಳು ಡಿಎನ್‌ಎಗೆ ಪೆಟ್ಟು ಕೊಡುತ್ತವೆ, ಪೆಟ್ಟು ತಿಂದ ಕೋಶ ವಿಭಜನೆಗೆ ಹಿಂಜರಿಯುತ್ತದೆ. ಬೆಳೆದ ಇಲಿಗಳನ್ನು ಮೆಲ್ಲಮೆಲ್ಲನೆ ಶೇಕಡ 7ರಷ್ಟು ಮಾತ್ರ ಆಮ್ಲಜನಕವಿರುವ ಗಾಳಿಗೆ ಒಗ್ಗಿಸಿದಾಗ, ಅಂದರೆ ಎವರೆಸ್ಟ್ ತುದಿಯಂಥ ವಾತಾವರಣದಲ್ಲಿ ಇಟ್ಟಾಗ, ಅವುಗಳ ಹೃದಯಕೋಶಗಳು ಒಂದಿಷ್ಟು ಮತ್ತೆ ವಿಭಜಿಸಿದವು ಎಂದು 2017ರಲ್ಲಿ ಸಾದೆಕ್ ತಂಡ ತೋರಿಸಿತು. ಇದನ್ನು ರೋಗಿಗೆ ಮಾಡಲಾಗದು ಎಂದು ಬೇರೆ ಹೇಳಬೇಕಿಲ್ಲ. ಆದರೂ ಬೀಗ ಎಲ್ಲಿದೆ ಎಂಬುದನ್ನು ಅದು ತೋರಿಸಿಕೊಟ್ಟಿತು.

ಹೀಗೆ ನಿಜವಾದ ಸುಳಿವುಗಳು ಒಂದೆಡೆ ಕೂಡಿಬರುತ್ತಿದ್ದಾಗಲೇ ಇನ್ನೊಂದೆಡೆ ಬಹಳ ಜೋರಾಗಿ ಬೇರೊಂದು ಕಥೆ ನಡೆಯುತ್ತಿತ್ತು. 2001ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪಿಯೆರೊ ಅನ್ವೆರ್ಸಾ ಮತ್ತು ಸಂಗಡಿಗರ ಪ್ರಬಂಧ ಬಂತು. ಅಸ್ಥಿಮಜ್ಜೆಯ ಆಕರಕೋಶಗಳನ್ನು ಆಘಾತವಾದ ಇಲಿಯ ಹೃದಯಕ್ಕೆ ಚುಚ್ಚಿದರೆ ಅವು ಹೃದಯಸ್ನಾಯುವಾಗಿ ಬದಲಾಗಿ ಸತ್ತ ಭಾಗವನ್ನು ತುಂಬುತ್ತವೆ ಎಂಬುದು ಅದರ ಸಾರ. ರಕ್ತ ಹುಟ್ಟಿಸುವ ಕೋಶ ಹೃದಯವಾಗಿಬಿಡುತ್ತದೆ ಎಂಬ ಈ ಮಾತು ಭ್ರೂಣವಿಜ್ಞಾನ ತಿಳಿದವರ ಹುಬ್ಬೇರಿಸಿತು. ಆದರೆ ವೈದ್ಯರಿಗೆ ಅದು ವರದಂತೆ ಕಂಡಿತು. ರೋಗಿಯದೇ ಮೂಳೆಯಿಂದ ಮಜ್ಜೆ ತೆಗೆದು ಅವನದೇ ಹೃದಯಕ್ಕೆ ಹಾಕಬಹುದು, ದೇಹ ಅದನ್ನು ನಿರಾಕರಿಸುವ ಭಯವಿಲ್ಲ, ಭ್ರೂಣವನ್ನು ಬಳಸುವ ನೈತಿಕ ತಕರಾರೂ ಇಲ್ಲ. ವರ್ಷದೊಳಗೇ ಜರ್ಮನಿಯಲ್ಲಿ ರೋಗಿಗಳ ಮೇಲೆ ಪ್ರಯೋಗ ಶುರುವಾಯಿತು, ಬೇಗನೆ ಬೇರೆ ದೇಶಗಳಿಗೂ ಹಬ್ಬಿತು. 2004ರಲ್ಲಿ ‘ನೇಚರ್’ನಲ್ಲೇ ಎರಡು ಸ್ವತಂತ್ರ ತಂಡಗಳು, ಮಜ್ಜೆಯ ಕೋಶಗಳು ಹೃದಯಕೋಶಗಳಾಗುವುದು ತಮಗೆ ಕಾಣಲೇ ಇಲ್ಲ ಎಂದು ವರದಿ ಮಾಡಿದವು. ಪ್ರಯೋಗಗಳು ಮಾತ್ರ ನಿಲ್ಲಲಿಲ್ಲ.

ಅಷ್ಟರಲ್ಲಿ ಅನ್ವೆರ್ಸಾ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಗಿತ್ತು. ಹೃದಯದೊಳಗೇ ಅದರದೇ ಆಕರಕೋಶಗಳಿವೆ, ಮೈಮೇಲೆ ‘ಸಿ-ಕಿಟ್’ ಎಂಬ ಪ್ರೊಟೀನು ಹೊತ್ತವು ಅವೇ ಎಂದು 2003ರಲ್ಲಿ ಅದು ಪ್ರಕಟಿಸಿತ್ತು. ಆ ಕೋಶಗಳನ್ನು ಬೆಳೆಸಿ ರೋಗಿಗಳಿಗೆ ಕೊಟ್ಟ ‘ಸಿಪಿಯೊ’ ಎಂಬ ಚಿಕಿತ್ಸಾ ಪ್ರಯೋಗದ ಸಂಭ್ರಮದ ವರದಿ 2011ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಇದಕ್ಕೆ ಗಟ್ಟಿ ಉತ್ತರ ಬಂದದ್ದು 2014ರಲ್ಲಿ. ಸಿನ್ಸಿನಾಟಿಯ ಜೆಫ್ರಿ ಮೊಲ್ಕೆಂಟಿನ್ ತಂಡ ಇಲಿಗಳಲ್ಲಿ ಸಿ-ಕಿಟ್ ಕೋಶಗಳಿಗೆಲ್ಲ ಅಳಿಸಲಾಗದ ಗುರುತು ಹಾಕಿ, ಅವುಗಳ ಸಂತಾನ ಏನಾಗುತ್ತದೆ ಎಂದು ಹಿಂಬಾಲಿಸಿತು. ಹೆಚ್ಚಿನವು ರಕ್ತನಾಳಗಳ ಒಳಪದರದ ಕೋಶಗಳಾಗಿದ್ದವು. ಹೃದಯಸ್ನಾಯುವಿಗೆ ಅವುಗಳ ಕೊಡುಗೆ ಶೇಕಡ 0.03 ಅಥವಾ ಇನ್ನೂ ಕಡಿಮೆ. 2018ರ ಅಕ್ಟೋಬರ್‌ನಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆ ಮತ್ತು ಬ್ರಿಗಮ್ ಆಸ್ಪತ್ರೆ, ಅನ್ವೆರ್ಸಾ ಪ್ರಯೋಗಾಲಯದಿಂದ ಬಂದ 31 ಪ್ರಬಂಧಗಳಲ್ಲಿ ತಿರುಚಿದ ಅಥವಾ ಸೃಷ್ಟಿಸಿದ ದತ್ತಾಂಶವಿದೆ, ಅವನ್ನು ಹಿಂತೆಗೆದುಕೊಳ್ಳಬೇಕು ಎಂದು ಪತ್ರಿಕೆಗಳಿಗೆ ತಿಳಿಸಿದವು. ಸಿಪಿಯೊ ವರದಿಯನ್ನು 2019ರಲ್ಲಿ ಲ್ಯಾನ್ಸೆಟ್ ಹಿಂತೆಗೆದುಕೊಂಡಿತು. ಹೃದಯದೊಳಗೆ ಸ್ನಾಯು ಹುಟ್ಟಿಸುವ ಆಕರಕೋಶಗಳ ದಾಸ್ತಾನು ಇಲ್ಲ ಎಂಬುದು ಈಗ ಈ ಕ್ಷೇತ್ರದ ಬಹುತೇಕ ಎಲ್ಲರೂ ಒಪ್ಪಿದ ಮಾತು.

ಹಾಗಾದರೆ ಮಜ್ಜೆಯ ಕೋಶ ಪಡೆದ ಕೆಲವು ರೋಗಿಗಳು ಚೇತರಿಸಿಕೊಂಡರು ಎಂಬ ವರದಿಗಳ ಗತಿಯೇನು? ಲಂಡನ್ನಿನ ಒಂದು ತಂಡ 2014ರಲ್ಲಿ ಇಂಥ ಪ್ರಯೋಗಗಳ ವರದಿಗಳನ್ನೆಲ್ಲ ಕೂಡಿಹಾಕಿ ಒಳಗಿನ ಲೆಕ್ಕದ ತಪ್ಪುಗಳನ್ನು ಎಣಿಸಿತು. ತಪ್ಪು ಹೆಚ್ಚಿದ್ದಷ್ಟೂ ‘ಫಲಿತಾಂಶ’ ಚೆನ್ನಾಗಿತ್ತು. ತಪ್ಪೇ ಇಲ್ಲದ ವರದಿಗಳಲ್ಲಿ ಪ್ರಯೋಜನ ಸರಾಸರಿ ಸೊನ್ನೆಯ ಹತ್ತಿರವಿತ್ತು. ಇದಕ್ಕಿಂತ ನಿರ್ದಯವಾದ ಲೆಕ್ಕಪರಿಶೋಧನೆ ವೈದ್ಯವಿಜ್ಞಾನದಲ್ಲಿ ಅಪರೂಪ. ಆದರೂ ಎಲ್ಲವೂ ಬರೀ ಭ್ರಮೆಯೇನೂ ಅಲ್ಲ. ಮೊಲ್ಕೆಂಟಿನ್ ತಂಡವೇ ಮುಂದೆ ಇಲಿಗಳಿಗೆ ಜೀವಂತ ಕೋಶ, ಸತ್ತ ಕೋಶ, ಯೀಸ್ಟ್‌ನ ಗೋಡೆಯ ಒಂದು ರಾಸಾಯನಿಕ, ಹೀಗೆ ಬೇರೆ ಬೇರೆಯವನ್ನು ಚುಚ್ಚಿ ನೋಡಿತು. ಮೂರರಲ್ಲೂ ಹೃದಯ ಒಂದಿಷ್ಟು ಸುಧಾರಿಸಿತು! ಚುಚ್ಚಿದ ವಸ್ತು ಉರಿಯೂತ ಎಬ್ಬಿಸುತ್ತದೆ, ರೋಗನಿರೋಧಕ ಕೋಶಗಳು ಧಾವಿಸುತ್ತವೆ, ಗಾಯದ ಕಲೆಯ ಹೆಣಿಗೆ ಮಾರ್ಪಡುತ್ತದೆ. ಅಲ್ಲಿ ಆಕರಕೋಶ ನೆಪಮಾತ್ರ. ಇನ್ನು ಮನುಷ್ಯರಲ್ಲಿ, ಸಾವನ್ನು ತಗ್ಗಿಸುತ್ತದೆಯೇ ಎಂದು ನೋಡಲು ಯುರೋಪಿನಲ್ಲಿ 3,000 ರೋಗಿಗಳ ಗುರಿಯಿಟ್ಟು ಹೊರಟ ‘ಬಾಮಿ’ ಪ್ರಯೋಗಕ್ಕೆ 375 ಜನರಷ್ಟೇ ಸಿಕ್ಕರು. 2020ರಲ್ಲಿ ಅದು ಯಾವ ತೀರ್ಮಾನಕ್ಕೂ ಬರಲಾರದೆ ಮುಗಿಯಿತು.

ಮುಂದಿನ ದಾರಿ ತೆರೆದದ್ದು ಭ್ರೂಣವಿಜ್ಞಾನದ ಕಡೆಯಿಂದಲೇ. 1998ರಲ್ಲಿ ಅಮೆರಿಕದ ಜೇಮ್ಸ್ ಥಾಮ್ಸನ್ ಮಾನವ ಭ್ರೂಣದ ಬಹುಶಕ್ತ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. 2006ರಲ್ಲಿ ಕ್ಯೋಟೊದ ಶಿನ್ಯಾ ಯಮನಾಕ, ನಾಲ್ಕು ವಂಶವಾಹಿಗಳನ್ನು ತೂರಿಸಿದರೆ ಇಲಿಯ ಚರ್ಮಕೋಶವೂ ಬಹುಶಕ್ತ ಸ್ಥಿತಿಗೆ ಮರಳುತ್ತದೆ ಎಂದು ತೋರಿಸಿದರು. ಮರುವರ್ಷ ಮನುಷ್ಯರ ಕೋಶದಲ್ಲೂ ಅದು ಸಾಧ್ಯವಾಯಿತು. 2012ರಲ್ಲಿ ಅವರು ಜಾನ್ ಗರ್ಡನ್ ಜೊತೆ ನೊಬೆಲ್ ಹಂಚಿಕೊಂಡರು. ಹೀಗೆ ಮರಳಿಸಿದ ಕೋಶಗಳಿಗೆ ಐಪಿಎಸ್ ಕೋಶಗಳೆಂದು ಹೆಸರು. ನಮ್ಮಲ್ಲೂ ಕೆಲಸ ನಡೆಯಿತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ತಂಡ, ಬಂಜೆತನ ಚಿಕಿತ್ಸೆಯಲ್ಲಿ ಬಳಕೆಗೆ ಬಾರದೆ ಉಳಿದ ಭ್ರೂಣಗಳಿಂದ ಎರಡು ಮಾನವ ಕೋಶವಂಶಗಳನ್ನು ಬೆಳೆಸಿ 2009ರಲ್ಲಿ ಪ್ರಕಟಿಸಿತು.

ಬಹುಶಕ್ತ ಕೋಶವನ್ನು ಹೃದಯಕೋಶವಾಗಿಸುವ ವಿಧಾನವನ್ನು ಯಾರೂ ಹೊಸದಾಗಿ ಕಂಡುಹಿಡಿಯಬೇಕಾಗಲಿಲ್ಲ. ಗರ್ಭದಲ್ಲಿ ನಡೆಯುವುದನ್ನೇ ತಟ್ಟೆಯಲ್ಲಿ ಮಾಡಿದರು. ಮೊದಲು ವಿಂಟ್ ಸಂಕೇತವನ್ನು ಎಬ್ಬಿಸುವ ರಾಸಾಯನಿಕ, ಒಂದೆರಡು ದಿನಗಳ ಬಳಿಕ ಅದನ್ನು ಅಡಗಿಸುವ ಇನ್ನೊಂದು. ಎರಡು ವಾರದೊಳಗೆ ಪ್ರಯೋಗಾಲಯದ ತಟ್ಟೆಯಲ್ಲಿ ಕೋಶಗಳ ಹಾಳೆ ತಾನೇ ಮಿಡಿಯತೊಡಗುತ್ತದೆ. ಇವು ನಿಜವಾದ ಹೃದಯಸ್ನಾಯುಕೋಶಗಳು. ಇನ್ನೊಂದು ಜಾತಿಯ ಕೋಶ ಮನಸ್ಸು ಬದಲಾಯಿಸೀತು ಎಂದು ಇಲ್ಲಿ ಕಾಯಬೇಕಿಲ್ಲ. ತೊಡಕಿರುವುದು ವಯಸ್ಸಿನಲ್ಲಿ: ತಟ್ಟೆಯ ಕೋಶಗಳು ಗರ್ಭಸ್ಥ ಶಿಶುವಿನ ಹೃದಯಕೋಶಗಳಷ್ಟು ಎಳೆಯವು. ಯಾರ ಆಣತಿಗೂ ಕಾಯದೆ ತಾವೇ ಮಿಡಿಯುವುದು ಎಳೆಕೋಶಗಳ ಸ್ವಭಾವ.

ಆ ಸ್ವಭಾವದ ಅಪಾಯ ಕೋತಿಗಳಲ್ಲಿ ಕಂಡಿತು. ಸಿಯಾಟಲ್‌ನ ಚಾರ್ಲ್ಸ್ ಮರ್ರಿ ತಂಡ 2014ರಲ್ಲಿ ಆಘಾತವಾದ ಮಕಾಕ್ ಕೋತಿಗಳ ಹೃದಯಕ್ಕೆ ತಲಾ 100 ಕೋಟಿ ಕೋಶಗಳನ್ನು ಚುಚ್ಚಿತು. ಕೋಶಗಳು ಉಳಿದವು, ಕೋತಿಯ ರಕ್ತನಾಳಗಳು ಅವುಗಳೊಳಕ್ಕೆ ಬೆಳೆದವು, ಹಳೆಯ ಸ್ನಾಯುವಿನೊಂದಿಗೆ ವಿದ್ಯುತ್ ಸಂಪರ್ಕವೂ ಕೂಡಿಬಂತು. ಆದರೆ ಎಲ್ಲ ಕೋತಿಗಳಲ್ಲೂ ಕೆಲಕಾಲ ಮಿಡಿತ ಅಡ್ಡಾದಿಡ್ಡಿಯಾಯಿತು. ಕೋಲಾಟದ ಸುತ್ತಿನಲ್ಲಿ ಒಬ್ಬ ತನ್ನದೇ ತಾಳ ಹಿಡಿದರೆ ಎಲ್ಲರ ಕೋಲೂ ತಪ್ಪುವಂತೆ, ಹೊಸ ಕೋಶಗಳ ಗುಂಪು ಇಡೀ ಹೃದಯದ ಲಯ ಕೆಡಿಸುತ್ತದೆ. ಮನುಷ್ಯರ ಹೃದಯದ ಗಾತ್ರಕ್ಕೆ ಹತ್ತಿರವಿರುವ ಹಂದಿಗಳಲ್ಲಿ ಇದು ಕೆಲವೊಮ್ಮೆ ಪ್ರಾಣಕ್ಕೇ ಎರವಾಯಿತು. ಕೋಶಗಳು ಬಲಿಯುತ್ತ ಬಂದಂತೆ ಅವ್ಯವಸ್ಥೆ ಅಡಗುತ್ತದೆ. ಆ ನಡುವಿನ ವಾರಗಳನ್ನು ದಾಟುವುದೇ ಕಷ್ಟ. ತಾವೇ ಮಿಡಿಯುವ ಗುಣಕ್ಕೆ ಕಾರಣವಾದ ವಂಶವಾಹಿಗಳನ್ನು ಮೊದಲೇ ತಿದ್ದಿ, ಸುಮ್ಮನಿದ್ದು ಆಣತಿ ಬಂದಾಗ ಮಾತ್ರ ಸಂಕುಚಿಸುವ ಕೋಶಗಳನ್ನು 2023ರಲ್ಲಿ ಅದೇ ತಂಡ ತಯಾರಿಸಿತು.

ಮನುಷ್ಯರಲ್ಲಿ ಹೆಜ್ಜೆಗಳು ಜಾಗರೂಕವಾಗಿವೆ. ಪ್ಯಾರಿಸ್‌ನ ಫಿಲಿಪ್ ಮೆನಾಶೆ 2014ರಲ್ಲಿ ಭ್ರೂಣಮೂಲದ ಹೃದಯ ಪೂರ್ವಜ ಕೋಶಗಳ ತೇಪೆಯನ್ನು ರೋಗಿಯೊಬ್ಬರ ಹೃದಯಕ್ಕೆ ಹೊಲಿದರು. ಒಸಾಕದ ಯೊಶಿಕಿ ಸಾವಾ ತಂಡ 2020ರ ಜನವರಿಯಲ್ಲಿ ಐಪಿಎಸ್ ಮೂಲದ ಸ್ನಾಯುಕೋಶಗಳ ತೆಳು ಹಾಳೆಗಳನ್ನು ಅಂಟಿಸಿತು. ಈ ಕೋಶಗಳು ಸ್ರವಿಸುವ ಪ್ರೊಟೀನುಗಳಿಂದ ಹೊಸ ರಕ್ತನಾಳಗಳು ಚಿಗುರಲಿ ಎಂಬುದು ಅಲ್ಲಿನ ಮುಖ್ಯ ಎಣಿಕೆ. ನಿಜವಾಗಿ ಸ್ನಾಯುವನ್ನೇ ಸೇರಿಸುವ ಯತ್ನ ಜರ್ಮನಿಯ ಗಟಿಂಗನ್‌ನಲ್ಲಿ ನಡೆದಿದೆ. ಅಲ್ಲಿ ಐಪಿಎಸ್ ಮೂಲದ ಸ್ನಾಯುಕೋಶಗಳನ್ನು ಕೊಲಾಜೆನ್‌ನಲ್ಲಿ ನಾರುಕೋಶಗಳೊಡನೆ ಬೆರೆಸಿ, ಎಳೆದು ಬೆಳೆಸಿ, ಮಿಡಿಯುವ ಪಟ್ಟಿಗಳಾಗಿ ಹೆಣೆಯುತ್ತಾರೆ. ತೀವ್ರ ಹೃದಯ ವೈಫಲ್ಯವಿದ್ದ 46 ವರ್ಷದ ಮಹಿಳೆಗೆ 40 ಕೋಟಿ ಕೋಶಗಳ ಇಂಥ ತೇಪೆ ಹೊಲಿಯಲಾಯಿತು. ಮೂರು ತಿಂಗಳ ನಂತರ ಅವರಿಗೆ ಬದಲಿ ಹೃದಯ ಸಿಕ್ಕಿತು. ತೆಗೆದ ಹಳೆಯ ಹೃದಯವನ್ನು ಪರೀಕ್ಷಿಸಿದಾಗ ತೇಪೆಯ ಕೋಶಗಳು ಬದುಕಿದ್ದವು, ರಕ್ತನಾಳಗಳು ಅದರೊಳಗೆ ಬೆಳೆದಿದ್ದವು. 2025ರ ಜನವರಿಯಲ್ಲಿ ಪ್ರಕಟವಾದ ಈ ವರದಿ, ಬೇರೆಡೆ ಬೆಳೆಸಿದ ಸ್ನಾಯು ಮನುಷ್ಯರ ಹೃದಯದಲ್ಲಿ ಉಳಿಯಬಲ್ಲದು ಎಂಬುದಕ್ಕೆ ಕಣ್ಣಾರೆ ಕಂಡ ಸಾಕ್ಷ್ಯ. ಬೇರೊಬ್ಬರ ಕೋಶವಾದ್ದರಿಂದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಬೇಕೇ ಬೇಕು. ಒಬ್ಬ ರೋಗಿಯಲ್ಲಿ ಉಳಿದದ್ದು, ಸಾವಿರ ರೋಗಿಗಳಲ್ಲಿ ಆಯಸ್ಸು ಹೆಚ್ಚಿಸುವುದಕ್ಕೆ ಸಮನಲ್ಲ.

ಹೊರಗಿನಿಂದ ಕೋಶ ತರುವುದೇ ಬೇಡ ಎನ್ನುವವರೂ ಇದ್ದಾರೆ. ಸ್ಯಾನ್‌ಫ್ರಾನ್ಸಿಸ್ಕೊದ ದೀಪಕ್ ಶ್ರೀವಾಸ್ತವ ಅವರ ಪ್ರಯೋಗಾಲಯ 2010ರಲ್ಲಿ ಹೃದಯದ ಮೂರು ಮುಖಂಡ ವಂಶವಾಹಿಗಳಿಂದ ನಾರುಕೋಶವನ್ನೇ ಸ್ನಾಯುಕೋಶದಂತೆ ಮಾರ್ಪಡಿಸಿತು. ಕಲೆ ಕಟ್ಟುವ ಕೋಶವನ್ನೇ ಕೆಲಸದ ಕೋಶವಾಗಿಸುವ ಈ ಉಪಾಯ ಮೋಹಕವಾಗಿದ್ದರೂ ಪೂರ್ತಿ ಬಲಿತ ಕೋಶಗಳು ದೊರೆಯುವುದು ಕಡಿಮೆ. ಉಳಿದಿರುವ ಸ್ನಾಯುಕೋಶಗಳಿಗೇ ವಿಭಜಿಸಲು ಪ್ರಚೋದನೆ ಕೊಡುವುದು ಇನ್ನೊಂದು ದಾರಿ. 2019ರಲ್ಲಿ ಮೌರೊ ಜಾಕಾ ತಂಡ ವಂಶವಾಹಿಗಳ ಕೆಲಸವನ್ನು ನಿಯಂತ್ರಿಸುವ ಮೈಕ್ರೊ ಆರ್‌ಎನ್‌ಎ ಎಂಬ ಪುಟ್ಟ ಅಣುವೊಂದನ್ನು ಹಂದಿಗಳ ಹೃದಯಕ್ಕೆ ತಲುಪಿಸಿದಾಗ ಒಂದು ತಿಂಗಳಲ್ಲಿ ಕಲೆ ಕುಗ್ಗಿ ಸ್ನಾಯು ಹೆಚ್ಚಿತು. ಬಳಿಕ ಹೆಚ್ಚಿನ ಹಂದಿಗಳು ಲಯ ತಪ್ಪಿ ಹಠಾತ್ತನೆ ಸತ್ತವು. ಪ್ರಚೋದನೆಯನ್ನು ನಿಲ್ಲಿಸುವ ಗುಂಡಿ ಇರಲಿಲ್ಲ.

ದುರಸ್ತಿಯ ಗದ್ದಲದ ನಡುವೆ ಐಪಿಎಸ್ ಕೋಶಗಳ ನಿಜವಾದ ಉಪಯೋಗ ಬೇರೆಡೆ ಆಗಲೇ ದಕ್ಕಿದೆ. ರೋಗಿಯ ರಕ್ತದಿಂದಲೇ ಅವರ ಹೃದಯಕೋಶಗಳನ್ನು ಬೆಳೆಸಿ, ರೋಗ ಹೇಗೆ ಬರುತ್ತದೆ, ಯಾವ ಔಷಧ ಮಿಡಿತ ಕೆಡಿಸುತ್ತದೆ ಎಂದು ತಟ್ಟೆಯಲ್ಲೇ ನೋಡಬಹುದು. ಸ್ತನ ಕ್ಯಾನ್ಸರಿಗೆ ಕೊಡುವ ಡಾಕ್ಸೊರುಬಿಸಿನ್ ಕೆಲವರ ಹೃದಯಕ್ಕೆ ಮಾತ್ರ ಹಾನಿ ಮಾಡುತ್ತದೆ. ಅಂಥವರ ಐಪಿಎಸ್ ಹೃದಯಕೋಶಗಳೂ ತಟ್ಟೆಯಲ್ಲಿ ಬೇಗ ಸಾಯುತ್ತವೆ ಎಂದು 2016ರಲ್ಲಿ ಗೊತ್ತಾಯಿತು. ದಕ್ಷಿಣ ಏಷ್ಯಾದವರಿಗೆ ಇದು ಇನ್ನಷ್ಟು ಹತ್ತಿರದ ವಿಷಯ. ಹೃದಯಸ್ನಾಯುವಿನ ಒಂದು ಪ್ರೊಟೀನಿನ ವಂಶವಾಹಿಯಲ್ಲಿ 25 ಅಕ್ಷರಗಳು ಕಾಣೆಯಾಗಿರುವ ಬದಲಾವಣೆ ಈ ಪ್ರದೇಶದ ಸುಮಾರು ಶೇಕಡ 4 ಜನರಲ್ಲಿದೆ, ಅವರಿಗೆ ಹೃದಯಸ್ನಾಯು ಕಾಯಿಲೆಯ ಅಪಾಯ ಹೆಚ್ಚು ಎಂದು 2009ರಲ್ಲಿ ಪ್ರಕಟವಾಯಿತು. ಆ ಅಧ್ಯಯನದ ಮೊದಲ ಲೇಖಕ ಪೆರುಂದುರೈ ಧಂಡಪಾಣಿ ಮುಂದೆ ಬೆಂಗಳೂರಿನ ‘ಇನ್‌ಸ್ಟೆಮ್’ ಆಕರಕೋಶ ಸಂಸ್ಥೆಯಲ್ಲಿ ಹೃದಯಸ್ನಾಯು ರೋಗಗಳ ಸಂಶೋಧನೆ ಮುಂದುವರಿಸಿದರು.

ಇನ್ನು ರೋಗಿಗಳಿಗೆ ಆಕರಕೋಶ ಕೊಡುವ ವಿಷಯದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತಸಂಬಂಧಿ ಮತ್ತಿತರ ಕೆಲವು ನಿಗದಿತ ಕಾಯಿಲೆಗಳಿಗೆ ಮಾಡುವ ರಕ್ತ ಆಕರಕೋಶ ಕಸಿ ಮಾತ್ರ ಅದರ ಪ್ರಕಾರ ಅಂಗೀಕೃತ ಚಿಕಿತ್ಸೆ. ಹೃದಯಕ್ಕೆ ಆಕರಕೋಶ ಕೊಡುವುದು ಇನ್ನೂ ಸಂಶೋಧನೆ. ಅನುಮತಿ ಪಡೆದ ಚಿಕಿತ್ಸಾ ಪ್ರಯೋಗದ ಹೊರಗೆ ಅದನ್ನು ಮಾಡುವಂತಿಲ್ಲ, ಪ್ರಯೋಗಕ್ಕೆ ಸೇರಿದ ರೋಗಿಯಿಂದ ಅದಕ್ಕೆ ಹಣ ಪಡೆಯುವಂತೆಯೂ ಇಲ್ಲ. ಹೃದಯ ದುರ್ಬಲವಾಗಿದೆ, ಆಕರಕೋಶ ಹಾಕಿದರೆ ಸರಿಹೋಗುತ್ತದೆ, ಇಷ್ಟು ಲಕ್ಷ ಆಗುತ್ತದೆ ಎಂದು ಯಾರಾದರೂ ಹೇಳಿದರೆ ಪ್ರಯೋಗದ ನೋಂದಣಿ ಸಂಖ್ಯೆಯನ್ನು ಕೇಳಬೇಕು. ಭಾರತದ ಚಿಕಿತ್ಸಾ ಪ್ರಯೋಗಗಳ ನೋಂದಣಿ ಪಟ್ಟಿ, ಅಂದರೆ ಸಿಟಿಆರ್‌ಐ, ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿದೆ. ಅಲ್ಲಿ ಹೆಸರಿಲ್ಲದಿದ್ದರೆ ದುಡ್ಡು ಕೊಡುವ ಮೊದಲು ಬೇರೊಬ್ಬ ಹೃದಯತಜ್ಞರನ್ನು ಕಾಣುವುದು ಒಳ್ಳೆಯದು.